ಚೌಡವ್ವ ಖಾರ ಬಿಟ್ಟಳು

ಬ್ಯಾಡಗಿಯಲ್ಲಿ ನಿಂತು ಮೆಣಸಿನಕಾಯಿ ಕೆಟ್ಟದ್ದು ಎನ್ನುವುದಕ್ಕೆ ಎಂಟೆದೆ ಬೇಕು. ಡಾಕ್ಟರ್ ನಂದಿತಾ ಅದನ್ನು ಎರಡು ವರ್ಷದ ಹಿಂದೆ ಹೇಳಿದ್ದಳು, ಅದೂ ಇಂಗ್ಲಿಷಿನಲ್ಲಿ, ಹನ್ನೊಂದು ಪುಟ, ಹೊರದೇಶದ ವೈದ್ಯಕೀಯ ಪತ್ರಿಕೆಯಲ್ಲಿ. ಹಾವೇರಿಯ ಆಸ್ಪತ್ರೆಯ ಕೆಲಸದ ನಡುವೆಯೇ ಮೂರು ವರ್ಷ ತಿರುಗಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ನಾಲ್ಕುನೂರು ಹೆಂಗಸರನ್ನು ಮಾತಾಡಿಸಿ ಬರೆದ ಲೇಖನ. ಇವರಲ್ಲಿ ಹೊಟ್ಟೆಯ ಕ್ಯಾನ್ಸರ್ ಹೆಚ್ಚು. ತಂಬಾಕು ಮುಟ್ಟುವವರು ಬೆರಳೆಣಿಕೆಯಷ್ಟು. ಹಾಗಾಗಿ ಕಾರಣ ಖಾರವೇ ಇರಬೇಕು ಎಂಬುದು ಅದರ ತಾತ್ಪರ್ಯ. ಕನ್ನಡ ಪೇಪರಿನವರು ‘ಇರಬೇಕು’ ಎಂಬುದನ್ನು ಕಿತ್ತುಹಾಕಿ ಅಚ್ಚುಮಾಡಿದರು. ನಂದಿತಾ ತಿದ್ದಲು ಹೋಗಲಿಲ್ಲ. ಹೊಗಳಿಕೆ ಮನೆಗೆ ಬರುತ್ತಿರುವಾಗ ಬಾಗಿಲು ಹಾಕುವವರು ಯಾರು?

ಆ ನಾಲ್ಕುನೂರು ಜನರನ್ನು ಅವಳೆದುರು ಕೂರಿಸಿದವಳು ಚೌಡವ್ವ. ಮೋಟೆಬೆನ್ನೂರಿನಿಂದ ದಿನಾ ಬ್ಯಾಡಗಿಗೆ ಬಂದು ಮೂವತ್ತು ವರ್ಷ ತೊಟ್ಟು ಬಿಡಿಸಿದವಳು. ಅವಳು ಡಾಕ್ಟರಮ್ಮನನ್ನು ತೋರಿಸಿ “ನಮ್ಮ ಬಾಯಾರು” ಎಂದರೆ ಸಾಕು, ಹೆಂಗಸರು ಗಂಡನಿಗೂ ಹೇಳದ್ದನ್ನು ನಂದಿತಾಳಿಗೆ ಹೇಳುತ್ತಿದ್ದರು. ಲೇಖನ ಬಂದಮೇಲೆ ಎಲ್ಲರಿಗಿಂತ ಮೊದಲು ಖಾರ ಬಿಟ್ಟವಳೂ ಅವಳೇ.

ಆ ಚೌಡವ್ವ ಈಗ ಹಾವೇರಿಯ ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದಳು. ಹೊಟ್ಟೆಯೊಳಗೆ ನಳಿಕೆ ಬಿಟ್ಟು ನೋಡಿಯಾಗಿತ್ತು. ಗಡ್ಡೆ ಲಿವರಿಗೂ ಹಬ್ಬಿತ್ತು. ಹೆಚ್ಚೆಂದರೆ ಮೂರು ತಿಂಗಳು. ಅವಳಿಗೆ ಗಡ್ಡೆಯ ವಿಷಯ ಹೇಳಿದ್ದರು, ತಿಂಗಳ ಲೆಕ್ಕ ಹೇಳಿರಲಿಲ್ಲ.

“ಎರಡು ವರ್ಷಾತ್ರಿ ಬಾಯಾರ, ಒಂದು ಚಿಟಿಕಿ ಖಾರ ಮುಟ್ಟಿಲ್ಲ. ಮತ್ತ ನನಗ್ಯಾಕ ಬಂತು?”

ನಂದಿತಾ ಅವಳ ರಿಪೋರ್ಟು ತಿರುವಿದಳು. ಚೌಡವ್ವ ಸುಮ್ಮನೆ ಕೂರಲಾರದೆ ಸಂಚಿಯಿಂದ ಸಣ್ಣ ಡಬ್ಬಿ ತೆಗೆದು, ನಶ್ಯದಂಥ ಕಂದು ಪುಡಿಯನ್ನು ಬೆರಳಿಗೆ ಹಚ್ಚಿ ವಸಡಿಗೆ ತಿಕ್ಕತೊಡಗಿದಳು.

“ತಪಕೀರ ಏನು ಅದು? ತಂಬಾಕು ಇಲ್ಲ ಅಂತ ಬರೆಸಿದ್ರಲ್ಲ ಚೌಡವ್ವ?”

“ತಂಬಾಕು ತಿನ್ನೋರು ಗಂಡಸರ್ರಿ. ಇದು ಹಲ್ಲಿಗೆ ಹಚ್ಚೂದು. ಹಲ್ಲಿಗೇನ ಹಚ್ತೀರಿ ಅಂತ ನೀವು ಕೇಳಲಿಲ್ಲಲ್ಲ.”

“ಎಲ್ಲಾರೂ ಹಚ್ತಾರೇನು?”

“ಹಚ್ಚದಾಕಿ ಯಾರದಾಳ್ರಿ? ಆ ಘಾಟಿನಾಗ ದಿನಾ ಕುಂದ್ರಬೇಕಲ್ಲ.”

ತಾನು ಕೇಳದೆ ಬಿಟ್ಟ ಪ್ರಶ್ನೆ ಯಾವುದೆಂದು ನಂದಿತಾಳಿಗೆ ಈಗ ತಿಳಿಯಿತು. ಯಾವನೋ ಹೊರದೇಶದವನು ಮಾಡಿದ ತಪ್ಪಾಗಿದ್ದರೆ ಕ್ಷಮೆ ಇತ್ತು. ರಾಣೆಬೆನ್ನೂರಿನ ಅವಳ ಮನೆಯಲ್ಲೇ ಅಜ್ಜಿ ಇಂದಿರಾಬಾಯಿ ದಿನಕ್ಕೆ ಎರಡು ಹೊತ್ತು ತಪಕೀರ ತಿಕ್ಕುತ್ತಿದ್ದರು. ಅಂಗಡಿಯಿಂದ ಪುಡಿಕೆ ತರುತ್ತಿದ್ದವಳು ಈ ನಂದಿತಾಳೇ. ಅಷ್ಟಿದ್ದೂ ‘ತಂಬಾಕು ಸೇವನೆ’ ಎಂಬುದರ ಮುಂದೆ ‘ಇಲ್ಲ’ ಎಂದು ಹಾಳೆಗಟ್ಟಲೆ ಬರೆದುಕೊಂಡು ಹೋಗಿದ್ದಳು. ತನ್ನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು.

ಚೌಡವ್ವನ ಮಾತು ಇನ್ನೂ ಮುಗಿದಿರಲಿಲ್ಲ. “ಖಾರ ಬಿಟ್ಟಮ್ಯಾಲೆ ಬಾಯಿ ಸಪ್ಪಗಾತ್ರಿ. ಅದಕ್ಕ ಇನ್ನೆರಡು ಸಲ ಜಾಸ್ತಿ ಹಚ್ಚಾಕತ್ತೇನಿ. ಉಳಿದವರಿಗೂ ಹಂಗ ಹೇಳೇನಿ. ಖಾರ ಬಿಡ್ರಿ, ಬಾಯಿ ಕೇಳಲಿಲ್ಲಂದ್ರ ತಪಕೀರ ಹಚ್ಚಿಕೊಳ್ರಿ ಅಂತ.”

ಇನ್ನು ಬಾಯಿ ಮುಚ್ಚಿಕೊಂಡಿರುವುದು ಪಾಪ ಅನ್ನಿಸಿತು ನಂದಿತಾಳಿಗೆ.

“ನಾ ಬರೆದದ್ದು ತಪ್ಪಾಗೇದ ಚೌಡವ್ವ. ತಪಕೀರನೂ ತಂಬಾಕನ. ಅದನ್ನ ನಾ ಕೇಳಬೇಕಿತ್ತು, ಕೇಳಲಿಲ್ಲ. ಖಾರದ ಮ್ಯಾಲೆ ಹೊರಿಸಿದೆ.”

ಚೌಡವ್ವ ಡಬ್ಬಿಯ ಮುಚ್ಚಳ ಹಾಕಿ ಮಂಚದ ಆಚೆ ತುದಿಗೆ ಸರಿಸಿದಳು. ಬಳಿಕ ಹೇಳಿದಳು: “ಲಗೂ ಹೋಗಿ ಅವರಿಗೆ ಹೇಳ್ರಿ. ಆದ್ರ ತಪ್ಪು ನಿಮ್ಮದು ಅನಬ್ಯಾಡ್ರಿ. ಚೌಡವ್ವಗ ತಿಳೀಲಿಲ್ಲ, ಆಕಿ ಉಲ್ಟಾ ಹೇಳಿದ್ಲು ಅನ್ರಿ. ನಿಮ್ಮ ಮ್ಯಾಲಿನ ನಂಬಿಗಿ ಹೋದ್ರ ಅವರು ದವಾಖಾನಿ ಮೆಟ್ಟಲಾ ಹತ್ತೂದಿಲ್ಲ.”

ಅವತ್ತು ಸಂಜೆಯೇ ನಂದಿತಾ ಆ ವೈದ್ಯಕೀಯ ಪತ್ರಿಕೆಗೆ ಬರೆದು ಲೇಖನ ಹಿಂತೆಗೆದುಕೊಳ್ಳುವುದಾಗಿ ತಿಳಿಸಿದಳು. ಕಾಣದವರ ಮುಂದೆ ತಪ್ಪೊಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.

ಮರುದಿನ ಬ್ಯಾಡಗಿಯ ದಾರಿಯುದ್ದಕ್ಕೂ ಚೌಡವ್ವ ಕೊಟ್ಟ ಸುಳ್ಳು ಅವಳನ್ನು ಕಾಡಿತು. ಹೇಳಿದರೆ ಸುಳ್ಳೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಕೆಂಪು ರಾಶಿಯ ಸುತ್ತ ಗೋಣಿಚೀಲದ ಮೇಲೆ ಕೂತ ಇಪ್ಪತ್ತು ಹೆಂಗಸರು “ಬರ್ರಿ ಬಾಯಾರ, ಕುಂದ್ರಿ” ಎಂದಾಗ ಅದನ್ನು ಆಡಲು ಅವಳಿಗೆ ಮನಸ್ಸು ಬರಲಿಲ್ಲ. ತಪ್ಪು ನಂದು ಎಂದೇ ಶುರುಮಾಡಿ, ಚೌಡವ್ವನ ತಿಂಗಳ ಲೆಕ್ಕವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದಳು.

ಯಾರೂ ಕೈಕೆಲಸ ನಿಲ್ಲಿಸಲಿಲ್ಲ. ಸಾಲಿನಲ್ಲಿ ಹಿರಿಯಳಾದ ಜೈತೂನಬಿ ಕೊನೆಗೆ ಬಾಯಿಬಿಟ್ಟಳು.

“ಹೋದ ಸಲಾನೂ ಹಿಂಗ ಖಾತ್ರಿಲೆ ಹೇಳಿದ್ರಿ. ಈಗಿಂದು ಖರೇ ಅಂತ ಹೆಂಗ ನಂಬೂದ್ರಿ?”

ಜೈತೂನಬಿಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಚೌಡವ್ವ ಆರಾಮಾಗಿ ಬರ್ಲಿ. ಆಕಿ ಬಾಯಿಲೆ ಬಿಡ್ರಿ ಅಂದ್ರ ಅವತ್ತ ಬಿಡ್ತೀವಿ. ಇನ್ನೊಂದು ಆರು ತಿಂಗಳು ಹಿಡೀತೈತೇನ್ರಿ?”

“ನಾಳೆನ ಕರಕೊಂಡು ಬರ್ತೇನಿ,” ಎಂದುಬಿಟ್ಟಳು ನಂದಿತಾ.

“ಅಷ್ಟು ಲಗೂ ಯಾಕ್ರಿ?”

ನಂದಿತಾ ತಲೆ ತಗ್ಗಿಸಿದಳು. ಒಬ್ಬೊಬ್ಬರಾಗಿ ಇಪ್ಪತ್ತೂ ಜನರ ಕೈ ನಿಂತವು.