ನಾದಿನಿಯ ಚಿತ್ರ, ಯಾರದೋ ಕಥೆ

ಪಾರ್ಟಿಯಂತೂ ಭರ್ಜರಿಯಾಗಿ ನಡೆಯಿತು. ಆ ವಿಷಯದಲ್ಲಿ ಯಾರೂ ನನ್ನತ್ತ ಬೆರಳು ತೋರಿಸುವಂತಿಲ್ಲ. ಭಾನುವಾರ ಮಧ್ಯಾಹ್ನ ನನ್ನ ಪುಟ್ಟ ಹಾಲ್‌ನಲ್ಲಿ ಹದಿನೆಂಟು ಜನ: ಸಂಪಾದಕರು, ಅನುವಾದಕರು, ಮುದ್ರಕರು, ಪುಸ್ತಕದಂಗಡಿಯವರು. ಕುರ್ಚಿಗಳನ್ನು ಬೇಕೆಂದೇ ಕಡಿಮೆ ಹಾಕಿದ್ದೆ. ಕೂತರೆ ಜನ ಪರಿಚಯದವರ ಪಕ್ಕದಲ್ಲೇ ಬೇರು ಬಿಡುತ್ತಾರೆ. ನಿಂತಿದ್ದರೆ ಹೊಸಬರನ್ನೂ ಮಾತಾಡಿಸುತ್ತಾರೆ.

ಆದರೆ ನನಗೆ ಬೇಕಾಗಿದ್ದವರು ಒಬ್ಬರೇ, ಮಕ್ಕಳ ಪುಸ್ತಕಗಳ ಸಂಪಾದಕಿ. ಹದಿನಾಲ್ಕು ವರ್ಷದಿಂದ ಕಂಡವರ ಪುಸ್ತಕಗಳ ಕರಡು ತಿದ್ದಿ ತಿದ್ದಿ ಕಣ್ಣು ಹಾಳು ಮಾಡಿಕೊಂಡವಳು ನಾನು. ಈಗ ನನ್ನದೇ ಒಂದು ಕಥೆಯಿತ್ತು, ಲಿಫ್ಟ್ ಕಂಡರೆ ಹೆದರುವ ಆನೆಮರಿಯದು. ಮಗಳಿಗೆ ಹೇಳುತ್ತಾ ಹೇಳುತ್ತಾ, ಆರು ವರ್ಷ ಬರೆದು, ಹರಿದು, ಮತ್ತೆ ಬರೆದದ್ದು. ಅದಕ್ಕೆ ಚಿತ್ರ ಬಿಡಿಸಿದವಳು ನನ್ನ ನಾದಿನಿ.

ಮನೆಗೆ ಕರೆದು ತಮ್ಮದೇ ಹಸ್ತಪ್ರತಿಯನ್ನು ಮೂಗಿಗೆ ಹಿಡಿಯುವವರ ಮನೆಗೆ ನಮ್ಮ ಕಸುಬಿನವರು ಎರಡನೇ ಸಲ ಕಾಲಿಡುವುದಿಲ್ಲ. ಅದಕ್ಕೇ ನಾದಿನಿ ಒಂದು ಉಪಾಯ ಹೇಳಿದ್ದಳು.

"ಅತ್ತಿಗೆ, ನೀವು ನನ್ನ ಚಿತ್ರ ಹೊಗಳಿ, ನಾನು ನಿಮ್ಮ ಕಥೆ ಹೊಗಳ್ತೀನಿ. ನಮ್ಮದನ್ನ ನಾವೇ ಹೇಳ್ಕೊಂಡ್ರೆ ಚೆನ್ನಾಗಿರಲ್ಲ."

ಪೆದ್ದಿ ನಾನು, ಹೂಂ ಅಂದೆ. ಸಂಪಾದಕಿಯ ಕೈಗೆ ಜ್ಯೂಸ್ ಕೊಟ್ಟು, ಅರ್ಧ ಗಂಟೆ ಬರೀ ಚಿತ್ರದ ಗುಣಗಾನ ಮಾಡಿದೆ. ನನ್ನ ಕಥೆಯ ಬಗ್ಗೆ ಒಂದಕ್ಷರ ಆಡಲಿಲ್ಲ. ಆಮೇಲೆ ಇಬ್ಬರನ್ನೂ ಬಾಲ್ಕನಿಗೆ ಕಳಿಸಿ ಅಡುಗೆಮನೆಗೆ ಬಂದೆ. ಕಿಟಕಿಯಾಚೆ ನಾದಿನಿ ಒಂದೊಂದೇ ಹಾಳೆ ತೋರಿಸುವುದು, ಸಂಪಾದಕಿ ನಗುವುದು ಕಾಣುತ್ತಿತ್ತು. ಖುಷಿಯಲ್ಲಿ ಅತ್ತಲೇ ನೋಡುತ್ತಾ ಲೋಟದ ಹೊರಗೆಲ್ಲ ಜ್ಯೂಸ್ ಸುರಿದೆ.

ಸ್ವಲ್ಪ ಹೊತ್ತಿಗೆ ಸಂಪಾದಕಿಯೇ ಅಡುಗೆಮನೆಗೆ ಬಂದರು. ಹಿಂದೆಯೇ ನಾದಿನಿ.

"ಆನೆ ಪುಸ್ತಕ ನಾವು ಮಾಡ್ತೀವಿ. ಎಂಥಾ ಚಿತ್ರ ರೀ! ಕಥೆ ಮಾತ್ರ ನಮ್ಮ ಲೇಖಕರೊಬ್ಬರ ಕೈಲಿ ಬರೆಸ್ತೀವಿ. ಈಗಿರೋದು ಯಾರೋ ಸುಮ್ನೆ ಬರ್ಕೊಟ್ಟಿದ್ದಂತೆ, ಬಿಟ್ರೂ ಪರವಾಗಿಲ್ಲ ಅಂದ್ರು ಇವರು. ಕರಡು ತಿದ್ದೋಕೆ ಮಾತ್ರ ನೀವೇ ಬೇಕು."

ಯಾರೋ! ನಾನು ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ನನ್ನ ತಟ್ಟೆಯಲ್ಲೇ ಕೈಹಾಕಿ ತಿಂದವಳಿಗೆ ನಾನು ಯಾರೋ. ಮೈಯೆಲ್ಲ ಉರಿದುಹೋಯಿತು.

"ಯಾರೋ ಅಂದ್ಯೇನೇ?" ಎಂದೆ.

ನಾದಿನಿ ನನ್ನ ಮುಖ ನೋಡಲಿಲ್ಲ. "ಅತ್ತಿಗೆ, ಇಲ್ಲಿ ಬೇಡ... ಆಮೇಲೆ ಹೇಳ್ತೀನಿ."

"ಇಲ್ಲೇ ಹೇಳು."

"ಕಥೆ ಮೇಡಂಗೆ ಹಿಡಿಸ್ಲಿಲ್ಲ. ಉದ್ದ ಆಯ್ತು ಅಂದ್ರು. ಚಿತ್ರನೂ ಕೈ ತಪ್ಪಿ ಹೋದ್ರೆ ಅಂತ ಭಯ ಆಯ್ತು ನಂಗೆ."

ಒಂದು ಕ್ಷಣ ಅವಳ ಮೇಲೆ ಕನಿಕರವೇ ಬಂತು. ನನ್ನ ಕಥೆಯೇ ಚೆನ್ನಾಗಿಲ್ಲದಿದ್ದರೆ ಪಾಪ ಅವಳಾದರೂ ಏನು ಮಾಡಿಯಾಳು?

"ಮೇಡಂ, ಆ ಯಾರೋ ನಾನೇ. ಎಲ್ಲಿ ಉದ್ದ ಆಯ್ತು ಹೇಳಿ, ತಿದ್ಕೊಡ್ತೀನಿ" ಎಂದೆ.

ಸಂಪಾದಕಿ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

"ನಾನು ಕಥೆ ಓದೇ ಇಲ್ವಲ್ರೀ" ಎಂದರು. "ಕೊಡಿ ಅಂತ ಕೇಳಿದೆ. ತಂದಿಲ್ಲ ಅಂದ್ರು ಇವರು."