ಸಂಘದ ರೂಮಿನಲ್ಲಿ ನಮ್ಮ ಮಾತು

ನಮ್ಮ ಮನೆಯಲ್ಲಿ ಆಡುವುದಕ್ಕೆ ಕನ್ನಡ ಎಂಬ ಹೆಸರೇ ಇಲ್ಲ. ನಮ್ಮ ಮಾತು ಅನ್ನುತ್ತೇವೆ, ಅಷ್ಟೇ. ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಬೀದಿಯ ಮಗ್ಗದ ಮನೆಗಳಲ್ಲೆಲ್ಲ ಒಳಗೆ ನಮ್ಮ ಮಾತು, ಹೊಸ್ತಿಲು ದಾಟಿದರೆ ತಮಿಳು. ಹೊಸ್ತಿಲಿನಾಚೆ ನಮ್ಮ ಮಾತಿಗಿರುವುದು ಒಂದೇ ಕೆಲಸ: ಎದುರಿಗಿರುವವರಿಗೆ ತಿಳಿಯದ ಹಾಗೆ ಅವರ ವಿಷಯವನ್ನೇ ಮಾತಾಡಿಕೊಳ್ಳುವುದು. ನನ್ನ ಅಮ್ಮ ರುಕ್ಮಣಿ ಇದರಲ್ಲಿ ಎತ್ತಿದ ಕೈ. ಸೀರೆ ಅಂಗಡಿಯವನು ಬೆವರು ಸುರಿಸಿಕೊಂಡು ಒಂದೊಂದೇ ಸೀರೆ ಬಿಡಿಸಿ ತೋರಿಸುತ್ತಿದ್ದರೆ, ಅವನ ಮುಖ ನೋಡಿ ನಗುತ್ತಲೇ ನನಗೆ ಹೇಳುತ್ತಾಳೆ: "ಎರಡು ಸಲ ಒಗೆದ್ರೆ ಬಲೆ ಆಯ್ತದೆ ಇದು. ಎದ್ದೋಗೋ ಹಂಗೆ ಮಾಡು ಇಂದುಜಾ, ರೇಟು ಇಳಿಸ್ತಾನೆ." ನಾನು ಏಳುತ್ತೇನೆ, ಅವನು ಇಳಿಸುತ್ತಾನೆ. ಆಮೇಲೆ ಬಸ್ಸಿನಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ.

ಈ ವಿದ್ಯೆಯನ್ನು ನಾನು ಯೂನಿವರ್ಸಿಟಿಗೂ ತಂದೆ. ಅಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಸಂಘಕ್ಕೆ ನಾನು ಅಧ್ಯಕ್ಷೆ. ಪಿಎಚ್‌ಡಿ ಮಾಡುವವರ ಪಾಡು ಮದುವೆ ಮನೆಯಲ್ಲಿ ಬಡಿಸುವವರ ಪಾಡು. ಓಡಾಟವೆಲ್ಲ ನಮ್ಮದು, ಊಟ ಮಾತ್ರ ಕೊನೆಯ ಪಂಕ್ತಿಯಲ್ಲಿ, ಅದೂ ಸಾರು ಉಳಿದಿದ್ದರೆ. ಫೆಲೋಶಿಪ್ ತಡವಾದರೆ, ಹಾಸ್ಟೆಲಿನಲ್ಲಿ ನೀರು ನಿಂತರೆ, ಲ್ಯಾಬಿನ ಫ್ರಿಜ್ ಕೆಟ್ಟರೆ ಎಲ್ಲರೂ ಸಂಘದ ರೂಮಿಗೆ ಬರುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಈ ಕೆಲಸಕ್ಕೆ ನಾನೇ ಸರಿ ಎಂದು ಎಲ್ಲ ಸೇರಿ ಗೆಲ್ಲಿಸಿದರು. ಕಾರ್ಯದರ್ಶಿ ಗೋಕುಲ್ ನಮ್ಮ ಬೀದಿಯವನೇ, ಚಿಕ್ಕಂದಿನಿಂದ ನನ್ನನ್ನು ಅಕ್ಕಾ ಅನ್ನುವವನು. ಹೀಗಾಗಿ ಯಾವ ಆಫೀಸಿಗೆ ಹೋದರೂ ನಾವಿಬ್ಬರು ನಮ್ಮ ಮಾತಿನಲ್ಲಿ ಲೆಕ್ಕ ಹಾಕಿ, ತಮಿಳಿನಲ್ಲಿ ಜಗಳ ಆಡುತ್ತಿದ್ದೆವು. ರಿಜಿಸ್ಟ್ರಾರ್ ಎದುರಿಗೇ ಅವನು, "ಇನ್ನೊಂಚೂರು ಎಳಿ ಅಕ್ಕಾ, ಬಗ್ತಾನೆ" ಅನ್ನುತ್ತಿದ್ದ. ಲೈಬ್ರರಿಯನ್ನು ಭಾನುವಾರವೂ ತೆರೆಸಿದ್ದು ಹೀಗೆಯೇ. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ನಾವು ಗೆದ್ದುಕೊಂಡ ಇನ್ನೊಂದು ವಿಷಯವಿದೆ. ಗೈಡ್ ಮೇಲೆ ದೂರು ಹೇಳಿದ ಹುಡುಗ ಹುಡುಗಿಯರನ್ನು ಆಮೇಲೆ ಅದೇ ಗೈಡ್ ಅರೆಯುತ್ತಾನೆ. ಅದಕ್ಕೆ ಅಂಥ ದೂರನ್ನು ಯಾರೂ ನೇರವಾಗಿ ಕೊಡಬೇಕಿಲ್ಲ, ಡೀನ್ ಸಭೆಯಲ್ಲಿ ಸಂಘದ ಅಧ್ಯಕ್ಷರೇ ಎತ್ತಬೇಕು ಎಂದು ನಿಯಮ ಮಾಡಿಸಿದೆವು. ಒಳ್ಳೆಯ ನಿಯಮವೇ. ಆದರೆ ಅಧ್ಯಕ್ಷರು ಎತ್ತದಿದ್ದರೆ ಏನು ಗತಿ ಎಂದು ಯಾರೂ ಕೇಳಲಿಲ್ಲ. ನಾನೇ ಅಧ್ಯಕ್ಷೆಯಾಗಿದ್ದ ಮೇಲೆ ಆ ಪ್ರಶ್ನೆ ನನಗೆ ಹೊಳೆಯುವುದಾದರೂ ಹೇಗೆ?

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಶಿವಗಾಮಿ ಬಂದಳು. ಸಸ್ಯಶಾಸ್ತ್ರದ ಹುಡುಗಿ, ಮಡತ್ತುಕುಳಂ ಕಡೆಯವಳು, ಕಬ್ಬಿನ ಬೇರಿಗೆ ಹತ್ತುವ ರೋಗದ ಮೇಲೆ ಕೆಲಸ ಮಾಡುತ್ತಿದ್ದಳು. ಕೂರು ಅಂದರೂ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು ತಮಿಳಿನಲ್ಲಿ ಹೇಳಿಕೊಂಡಳು. ಅವಳ ಗೈಡ್ ಪ್ರೊಫೆಸರ್ ತಿರುಮೂರ್ತಿ, ಗಣಪತಿ ಎಂಬ ಏರಿಯಾದಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಕಟ್ಟಿದ ಗೋಡೆ ಒಣಗದ ಹಾಗೆ ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಬಿಡುವ ಕೆಲಸ ಇವಳದು. ಇವಳು ಅಲ್ಲಿ ಅವರ ಗೋಡೆಗೆ ನೀರು ಹಿಡಿದು ನಿಂತಿದ್ದಾಗ, ಇಲ್ಲಿ ಗ್ರೀನ್‌ಹೌಸಿನಲ್ಲಿ ಇವಳ ಕಬ್ಬಿನ ಸಸಿಗಳೆಲ್ಲ ಒಣಗಿ ಸತ್ತವು. ಇನ್ನು ಬರುವುದಿಲ್ಲ ಸಾರ್ ಎಂದಳಂತೆ. ಅಂದಿನಿಂದ ಅವರು ಪ್ರಗತಿ ವರದಿಗೆ ಸಹಿ ಹಾಕುತ್ತಿಲ್ಲ. ಈ ಸಲದ ಡೀನ್ ಸಭೆಯಲ್ಲಿ ಗೈಡ್ ಬದಲಾಗದಿದ್ದರೆ ಅವಳ ರಿಜಿಸ್ಟ್ರೇಷನ್ನೇ ರದ್ದು.

"ನೀವು ಎತ್ತಿದರೆ ಉಂಟು ಅಕ್ಕಾ, ಇಲ್ಲವಾದರೆ ಇಲ್ಲ" ಎಂದು ಅಳುವುದಕ್ಕೆ ಶುರು ಮಾಡಿದಳು.

ತಿರುಮೂರ್ತಿ ಹೆಸರು ಕೇಳಿದ ಕೂಡಲೇ ನಾನು ಗೋಕುಲನ ಮುಖ ನೋಡಿದ್ದೆ. ನನ್ನ ಪ್ರಬಂಧದ ಕಮಿಟಿಯಲ್ಲಿ ಅವರೂ ಒಬ್ಬರು. ಅವರು ಹ್ಞೂಂ ಅನ್ನದೆ ನನ್ನ ಸಿನಾಪ್ಸಿಸ್ ಮುಂದೆ ಹೋಗದು.

ಗೋಕುಲ್ ಅವಳನ್ನೇ ನೋಡುತ್ತಾ, ಅಯ್ಯೋ ಪಾಪ ಎನ್ನುವಂಥ ಮುಖ ಮಾಡಿಕೊಂಡು, ನಮ್ಮ ಮಾತಿನಲ್ಲಿ ಅಂದ: "ಅಕ್ಕಾ, ಈ ವಂಬು, ಈ ತಂಟೆ ನಮಗ್ಯಾಕೆ? ತಿರುಮೂರ್ತಿ ನಿನ್ನ ಕಮಿಟಿಲೇ ಕೂತವ್ನೆ. ಬರೋ ತಿಂಗಳು ನಿನ್ನ ಸಿನಾಪ್ಸಿಸ್ ಅದೆ."

ನಾನೂ ಅಂಥದೇ ಮುಖ ಮಾಡಿಕೊಂಡೆ. ಅವಳ ಕಷ್ಟಕ್ಕೆ ಮರುಗುವವಳ ಹಾಗೆ ನಿಧಾನವಾಗಿ ತಲೆಯಾಡಿಸುತ್ತಾ ಹೇಳಿದೆ: "ಗೊತ್ತು ಕಣೋ. ಇವಳ ಮನೆ ಉಳಿಸೋಕೆ ಹೋಗಿ ನನ್ನ ಮನೆ ಬೀಳಿಸ್ಕೊಳ್ಳಾ? ಸೆರಿ ಸೆರಿ ಅಂದು ಕಳಿಸಣ. ಮೀಟಿಂಗ್‌ನಲ್ಲಿ ಎತ್ತೋದೇ ಬೇಡ."

"ಅಳ್ತಾವ್ಳೆ ಅಕ್ಕಾ, ಪಾವಂ."

"ಅಳ್ಲಿ ಬಿಡು. ಹಳ್ಳಿಯಿಂದ ಬಂದಂಥವು ಇವು. ನಾಲ್ಕು ದಿನ ಅಳ್ತವೆ, ಆಮೇಲೆ ಮದುವೆ ಮಾಡ್ಕೊಂಡು ಹೋಯ್ತವೆ. ಇವಕ್ಕೆಲ್ಲ ಪಿಎಚ್‌ಡಿ ಯಾಕೆ ಬೇಕಾಗಿತ್ತೋ!"

ಹಾಗೆಂದೆ. ಈ ಸಲ ಅವಳು, ಇವಳು ಅನ್ನಲಿಲ್ಲ, ಇವು ಅಂದೆ, ಕೊಟ್ಟಿಗೆಯ ದನದ ವಿಷಯ ಮಾತಾಡುವ ಹಾಗೆ. ಆಮೇಲೆ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡು ತಮಿಳಿನಲ್ಲಿ, "ಚಿಂತೆ ಮಾಡಬೇಡಮ್ಮಾ, ನಾವಿದ್ದೇವೆ, ಡೀನ್ ಮುಂದೆ ನಾನೇ ಎತ್ತುತ್ತೇನೆ" ಎಂದೆ.

ಅವಳ ಅಳು ಆಗಲೇ ನಿಂತಿತ್ತು. ನಾನು ಕೊಟ್ಟ ಧೈರ್ಯಕ್ಕೆ ನಿಂತಿತೆಂದು ತಿಳಿದುಕೊಂಡೆ. ಅವಳು ನನ್ನನ್ನು ನೋಡಿದಳು, ಗೋಕುಲನನ್ನು ನೋಡಿದಳು, ಮತ್ತೆ ನನ್ನನ್ನೇ ನೋಡಿ ತಮಿಳಿನಲ್ಲಿ ಕೇಳಿದಳು:

"ನಿಜವಾಗಿಯೂ ಎತ್ತುತ್ತೀರಾ ಅಕ್ಕಾ?"

"ಸತ್ಯವಾಗಿ" ಎಂದು ಅವಳ ಅಂಗೈ ಮೇಲೆ ಅಂಗೈ ಇಟ್ಟೆ.

ಡೀನ್ ಸಭೆ ದೊಡ್ಡ ಹಾಲಿನಲ್ಲಿ ನಡೆಯಿತು. ಪ್ರೊಫೆಸರುಗಳು ಮುಂದಿನ ಸಾಲಿನಲ್ಲಿ, ನಾವೆಲ್ಲ ಹಿಂದೆ. ಶಿವಗಾಮಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಇಸ್ತ್ರಿ ಮಾಡಿದ ಚೂಡಿದಾರ, ತಲೆಗೆ ಕನಕಾಂಬರ. ಕರೆದು ಕೇಳಿದರೆ ಎದ್ದು ಮಾತಾಡಬೇಕಲ್ಲ, ಅದಕ್ಕೆ ಸಿದ್ಧವಾಗಿ ಬಂದಿದ್ದಳು. ಹಾಸ್ಟೆಲ್ ನೀರು, ಫ್ರಿಜ್, ಫೆಲೋಶಿಪ್ ಎಂದು ನಾನು ಟೇಬಲ್ ಕುಟ್ಟಿ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಡೀನ್ ಕೇಳಿದರು: "ಗೈಡುಗಳ ಬಗ್ಗೆ ಏನಾದರೂ ದೂರು ಇದೆಯಾ?"

ಬೆನ್ನ ಹಿಂದೆ ಒಂದು ಬೆಂಚು ಕಿರುಗುಟ್ಟಿತು. ನಾನು ತಿರುಗಿ ನೋಡಲಿಲ್ಲ.

"ಈ ಸಲ ಏನೂ ಇಲ್ಲ ಸಾರ್" ಎಂದೆ.

ತಿರುಮೂರ್ತಿ ಮುಂದಿನ ಸಾಲಿನಿಂದ ತಲೆ ತಿರುಗಿಸಿ ನಕ್ಕರು. ಚಹಾ ಕುಡಿಯುವಾಗ ಚಕ್ಕುಲಿಯಂಥ ಮುರುಕಿದ್ದ ತಟ್ಟೆಯನ್ನು ತಾವೇ ನನ್ನ ಮುಂದೆ ಹಿಡಿದು, "ಸಂಘ ಅಂದರೆ ಹೀಗಿರಬೇಕಮ್ಮಾ, ಸುಮ್ಮಸುಮ್ಮನೆ ಕೂಗಾಡಬಾರದು" ಎಂದರು. ತಗೊಂಡು ತಿಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ, ನಾನು ಕಣ್ಣು ಬಿಟ್ಟುಕೊಂಡೇ ಮುರುಕು ತಿಂದೆ. ಕೊನೆಯ ಬೆಂಚಿನತ್ತ ನೋಡುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ.

ಆಮೇಲಿನ ವಾರ ಹಾಸ್ಟೆಲಿನ ನೀರಿನ ಟ್ಯಾಂಕ್ ನೋಡಲು ಹೋದೆ. ಗೇಟಿನ ಬಳಿ ಬೇವಿನ ಮರದ ಕೆಳಗೆ ಒಂದು ಆಟೋ ನಿಂತಿತ್ತು. ಪಕ್ಕದಲ್ಲಿ ಸುತ್ತಿದ ಹಾಸಿಗೆ, ಪುಸ್ತಕದ ಮೂಟೆ. ಅದರ ಕಾವಲಿಗೆ ಕೂತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ ಎದ್ದು ಬಂದಳು.

"ಇಂದುಜಾ ಅಂದ್ರೆ ನೀನೇನಾ ತಾಯೀ? ಸಂಗದ ತಲೈವಿ?"

ನಮ್ಮ ಮಾತು! ನಮ್ಮ ಬೀದಿಯದಲ್ಲ, ರಾಗ ಸ್ವಲ್ಪ ಬೇರೆ, ಆದರೂ ನಮ್ಮದೇ ಮಾತು. ಯೂನಿವರ್ಸಿಟಿಯೊಳಗೆ ಗೋಕುಲನನ್ನು ಬಿಟ್ಟರೆ ಬೇರೆ ಯಾರ ಬಾಯಲ್ಲೂ ನಾನು ಅದನ್ನು ಕೇಳಿರಲಿಲ್ಲ. ಒಂದು ಕ್ಷಣ ಖುಷಿಯೇ ಆಯಿತು. ನಗುತ್ತಾ ಹೌದೆಂದು ತಲೆಯಾಡಿಸಿದೆ.

"ನಾನು ಸೆಲ್ಲಮ್ಮ, ಶಿವಗಾಮಿ ಅವ್ವ."

ನಗು ಮುಖದ ಮೇಲೆ ಹಾಗೆಯೇ ಅಂಟಿಕೊಂಡಿತು. ಅವತ್ತು ಸಂಘದ ರೂಮಿನಲ್ಲಿ ಆಡಿದ್ದೆಲ್ಲ ಒಂದೊಂದಾಗಿ ತಿರುಗಿ ಬಂದು ನನ್ನ ಕಿವಿಯಲ್ಲೇ ಕೂಗತೊಡಗಿತು. ಅಳ್ಲಿ ಬಿಡು. ಇವು. ಇವಕ್ಕೆಲ್ಲ. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ!

ಸೆಲ್ಲಮ್ಮನಿಗೆ ಇದಾವುದೂ ಗೊತ್ತಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ಕಬ್ಬಿನ ಗರಿಯಿಂದ ಗೀರು ಬಿದ್ದು ಒರಟಾಗಿತ್ತು.

"ಕ್ಯಾಂಟೀನಲ್ಲಿ ನೀನು ನಿಮ್ಮವ್ವನ ಜೊತೆ ಪೋನಲ್ಲಿ ಮಾತಾಡ್ತಿದ್ದೆಯಂತೆ. ಇಲ್ಲೂ ನಮ್ಮೋಳು ಒಬ್ಳು ಅವ್ಳೆ ಅವ್ವಾ ಅಂತ ಅವತ್ತೇ ಪೋನ್ ಮಾಡಿ ಹೇಳ್ದಳು. ನೀವು ನೇಯೋರು, ನಾವು ಉಳೋರು, ಆದ್ರೇನು, ಮಾತು ಒಂದೇ ಅಲ್ವಾ. ಈ ಹೆಣ್ಣಿಗೆ ಯಾಕೆ ಅಷ್ಟು ಓದು ಅಂತ ಊರೆಲ್ಲ ಕೇಳ್ತು. ನಮ್ಮ ಜನ ಅಲ್ಲಿ ಅವ್ರೆ, ಕವಲೆ ಇಲ್ಲ, ಚಿಂತೆ ಇಲ್ಲ ಅಂದು ನಾನು ಬಾಯಿ ಮುಚ್ಚಿಸ್ದೆ."

"ಅವಳು ನನಗೆ ಹೇಳಲೇ ಇಲ್ಲ" ಎಂದೆ. ತಮಿಳಿನಲ್ಲಿ ಎಂದೆ.

"ನಾನೇ ಬೈದೆ, ಹೋಗಿ ಹೇಳ್ಕೋ ಅಂತ. ಮೊದಲು ಕೆಲಸ ಆಗ್ಲಿ ಅವ್ವಾ, ತಮ್ಮ ಜನಾಂತ ಅಕ್ಕ ಸಾಯ ಮಾಡಿದ್ಲು ಅನ್ನೋ ಕೆಟ್ಟ ಹೆಸರು ಅಕ್ಕನಿಗೆ ಬರಬಾರ್ದು, ಆಮೇಲೆ ಹೇಳ್ತೀನಿ ಅಂದ್ಲು. ಆಗ್ಲಿಲ್ಲ ಬಿಡು. ನೀನು ಮೀಟಿಂಗ್‌ನಲ್ಲಿ ಎಷ್ಟೋ ಹೋರಾಡಿದೆಯಂತೆ, ದೊಡ್ಡೋರು ಕೇಳ್ಲಿಲ್ಲವಂತೆ. ಅವ್ಳು ಹೇಳ್ದಳು. ಹಣೆಬರಹಕ್ಕೆ ನೀನೇನು ಮಾಡ್ತೀಯ ತಾಯೀ?"

ಹಾಗಂತ ಹೇಳಿದ್ದಳಂತೆ! ತನ್ನ ತಾಯಿಯ ಮುಂದೆ ನನ್ನ ಮಾನ ಉಳಿಸಿದ್ದಳು. ಬೈದಿದ್ದರೆ, ಊರೆಲ್ಲ ಸಾರಿದ್ದರೆ, ನಾನೂ ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದೆ. ಜಗಳ ನನಗೆ ಬರುತ್ತದೆ. ಇದಕ್ಕೆ ಏನು ಮಾಡಬೇಕೋ ನನಗೆ ಬರುವುದಿಲ್ಲ.

ಸೆಲ್ಲಮ್ಮ ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಒಂದು ಬೆಲ್ಲದ ಅಚ್ಚು ತೆಗೆದು ನನ್ನ ಕೈಯಲ್ಲಿಟ್ಟಳು. "ನಮ್ಮ ಆಲೆದು. ನಿಮ್ಮವ್ವನಿಗೆ ಕೊಡು." ಬೇಡವೆನ್ನಲು ಯಾವ ಬಾಯಿ ನನಗೆ?

ಅಷ್ಟರಲ್ಲಿ ಶಿವಗಾಮಿ ಬಕೆಟ್ಟಿನಲ್ಲಿ ತಟ್ಟೆ ಲೋಟ ತುಂಬಿಕೊಂಡು ಬಂದಳು. ನನ್ನನ್ನು ಕಂಡು ನಿಂತಳು. ನಾನು ಓಡಿಹೋಗಿ ಬಕೆಟ್ಟು ಹಿಡಿದುಕೊಂಡೆ.

"ಹೋಗಬೇಡ ಶಿವಗಾಮಿ" ಎಂದು ತಮಿಳಿನಲ್ಲೇ ಗೋಗರೆದೆ. "ಈಗಲೇ ಡೀನ್ ಹತ್ತಿರ ಹೋಗೋಣ. ನಾನು ಹೇಳುತ್ತೇನೆ, ಎಲ್ಲವನ್ನೂ ಹೇಳುತ್ತೇನೆ."

ಅವಳು ಮೆಲ್ಲಗೆ ಬಕೆಟ್ಟು ಬಿಡಿಸಿಕೊಂಡಳು. "ನಿನ್ನೆಯೇ ರದ್ದಾಯಿತು ಅಕ್ಕಾ" ಎಂದು ತಮಿಳಿನಲ್ಲಿ ಹೇಳಿದಳು. "ನೀವು ಹೋಗಿ. ಬರುವ ತಿಂಗಳು ನಿಮ್ಮ ಸಿನಾಪ್ಸಿಸ್ ಇದೆಯಲ್ಲ."

ಸಿಟ್ಟಿರಲಿಲ್ಲ, ಕುಟುಕೂ ಇರಲಿಲ್ಲ. ನನಗೆ ನೆನಪಿಸುವ ಹಾಗೆ ಹೇಳಿದಳು, ಅಷ್ಟೇ. ಕೈಯ ಬಿಸಿಗೆ ಬೆಲ್ಲ ಅಂಟತೊಡಗಿತ್ತು.

ಹಾಸಿಗೆ, ಮೂಟೆ ಎಲ್ಲ ಆಟೋಗೆ ಹತ್ತಿದವು. ಸೆಲ್ಲಮ್ಮ ಹತ್ತಿ ಕೂತು, ಹೊರಗೆ ತಲೆ ಹಾಕಿ, ನನ್ನನ್ನು ಅಕ್ಕರೆಯಿಂದಲೇ ಗದರಿದಳು: "ಅಲ್ಲಾ ತಾಯೀ, ಬಂದಾಗಿಂದ ನೋಡ್ತಾವ್ನಿ, ನಾನು ನಮ್ಮ ಮಾತಾಡಿದ್ರೆ ನೀನು ತಮಿಳಲ್ಲೇ ಹೇಳ್ತೀಯ. ಪಟ್ಟಣ ಸೇರಿ ನಮ್ಮ ಮಾತು ಮರೆತೇಹೋಯ್ತಾ? ಬರೋಲ್ವಾ?"

ನಾನು ಬೆಲ್ಲದ ಅಚ್ಚನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

ಶಿವಗಾಮಿ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯ ಪಕ್ಕದಲ್ಲಿ ಕೂತಳು. ಅವಳ ಬಾಯಿಂದ ನಮ್ಮ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಬತ್ತದೆ ಅವ್ವಾ" ಅಂದಳು. "ಚೆಂದಾಗೇ ಬತ್ತದೆ. ನಾನೇ ಕೇಳಿವ್ನಿ."

ಆಟೋ ಹೊರಟಿತು. ಗೇಟು ದಾಟಿ ರಸ್ತೆಗೆ ತಿರುಗುವವರೆಗೂ ಸೆಲ್ಲಮ್ಮ ನನ್ನ ಕಡೆ ಕೈ ಬೀಸುತ್ತಲೇ ಇದ್ದಳು.