ಕರಿಬೇವಿನ ಪಾಲು

"ಇರ್ರೋ, ಯಾರೂ ಇಳೀಬೇಡಿ. ಮೊದ್ಲು ಒಳಗಿನ ಗಾಳಿ ಹೋಗ್ಲಿ," ಎನ್ನುತ್ತ ರಾಮಣ್ಣ ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿಗೆ ಹಾರೆ ಕೊಟ್ಟ. ಇನ್ನಿಬ್ಬರು ಸೇರಿ ನೂಕಿದರು. ಹತ್ತು ಹೆಜ್ಜೆ ಆಚೆ, ಜಗಲಿಯ ಮೇಲೆ, ಅವನ ಅಣ್ಣ ಬೈಲಪ್ಪ ಹಾರ ಹಾಕಿಸಿಕೊಂಡು, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ. ಬೆಳಿಗ್ಗೆ ಹಾಲು ತರಲು ಹೊರಟವನು ಬಾಗಿಲಲ್ಲೇ ಎದೆ ಹಿಡಿದುಕೊಂಡು ಕೂತಿದ್ದ. ಆಟೋ ಬರುವಷ್ಟರಲ್ಲಿ ಮುಗಿದಿತ್ತು.

ಹೆಣದ ತಲೆಯ ಹತ್ತಿರ ಕೂತಿದ್ದ ಆಂಜನಮ್ಮ ಗಂಡನನ್ನು ಬಿಟ್ಟು ಮೈದುನನನ್ನೇ ನೋಡುತ್ತಿದ್ದಳು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಅಣ್ಣ ಇನ್ನೂ ಚಟ್ಟ ಏರಿಲ್ಲ, ತಮ್ಮನಿಗೆ ಹಗೇವಿನ ಚಿಂತೆ.

ಅವಳ ಮಾವನ ಕಾಲದಲ್ಲಿ ಅಂಗಳದ ಆ ನೆಲಗುಂಡಿಯಲ್ಲಿ ರಾಗಿ ತುಂಬಿಡುತ್ತಿದ್ದರು. ಮಹದೇವಪುರದ ಹೊಲಗಳೆಲ್ಲ ಸೈಟುಗಳಾದ ಮೇಲೆ ತುಂಬಲು ರಾಗಿ ಎಲ್ಲಿಂದ ಬರಬೇಕು. ಖಾಲಿ ಬಿದ್ದ ಹಗೇವಿನಲ್ಲಿ ಎಂಟು ವರ್ಷದಿಂದ ಬೈಲಪ್ಪ ವೈನ್ ಬಾಟಲಿಗಳನ್ನು ಮಲಗಿಸುತ್ತ ಬಂದಿದ್ದ.

"ಅತ್ಗೆ, ಗುಂಡಿ ತೋಡೋರಿಗೆ ಏನಾದ್ರೂ ಕೊಡ್ಬೇಕಲ್ಲ," ಎಂದ ರಾಮಣ್ಣ. "ಬಂದೋರ ಬಾಯಿಗೂ ಆಯ್ತದೆ. ಇರೋದೆಲ್ಲ ಇವತ್ತೇ ಖಾಲಿ ಮಾಡ್ಬಿಡಾಣ. ಅಣ್ಣನ ಹುಚ್ಚು ಅಣ್ಣನ ಜತೇಲೇ ಹೋಗ್ಲಿ."

"ಉಗುಳಪ್ಪನ ಆಸ್ತಿ," ಎಂದರು ಹಿಂದಿನಿಂದ ಯಾರೋ. ನಾಲ್ಕೈದು ಜನ ಟವೆಲ್ಲು ಬಾಯಿಗೆ ಒತ್ತಿಕೊಂಡು ನಕ್ಕರು.

ಆಂಜನಮ್ಮನಿಗೆ ಮೈಯೆಲ್ಲ ಉರಿಯಿತು. ಆ ಬಾಟಲಿಗಳನ್ನು, ಅವುಗಳ ಒಡೆಯನನ್ನು ಹಳಿಯುವುದು ಇಷ್ಟು ವರ್ಷ ಅವಳ ಕೆಲಸವಾಗಿತ್ತು. ಅಡುಗೆ ಮಾಡಿದಷ್ಟೇ ನಿಷ್ಠೆಯಿಂದ ಮಾಡಿದ್ದಳು. ಅದಕ್ಕೆ ಕೈ ಹಾಕಲು ಇವರು ಯಾರು?

* * *

ಬೈಲಪ್ಪ ಹಲಸೂರಿನ ಒಂದು ವೈನ್ ಶಾಪಿನಲ್ಲಿ ಇಪ್ಪತ್ತು ವರ್ಷ ಕೌಂಟರಿಗೆ ನಿಂತವನು. ಬೋರ್ಡಿನ ಮೇಲೆ ವೈನ್ ಇತ್ತು, ಒಳಗೆ ವೈನೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಮರ್ಫಿ ಟೌನಿನ ಪೇಂಟರುಗಳು, ಗಾರೆಯವರು ಸಂಜೆ ಕಂಬಿಯೊಳಗೆ ಕೈ ತೂರಿಸಿದರೆ ಇವನು ಕ್ವಾರ್ಟರ್ ಇಡುತ್ತಿದ್ದ. ಸ್ವತಃ ಒಂದು ಹನಿ ಮುಟ್ಟುತ್ತಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಯಾವುದೋ ಹೊಸ ಕಂಪನಿಯ ಸೇಲ್ಸ್‌ನವನು ಬಂದು, ಅಂಗಡಿಯವರಿಗೆ ಮಾಲು ಗೊತ್ತಿರಲಿ ಎಂದು ಕೆಂಪು ವೈನ್ ಬಗ್ಗಿಸಿಕೊಟ್ಟ. ಬಣ್ಣ ನೋಡಿ, ಲೋಟ ಆಡಿಸಿ ಮೂಸಿ, ಬಾಯಲ್ಲಿ ಹಿಡಿದಿಟ್ಟುಕೊಳ್ಳಿ, ಆಮೇಲೆ ಉಗಿಯಿರಿ ಎಂದ. ಮಿಕ್ಕವರು ಸಿಕ್ಕಿದ್ದೇ ಸೀರುಂಡೆ ಎಂದು ಮೂರು ಮೂರು ಲೋಟ ಏರಿಸಿದರು. ಬೈಲಪ್ಪ ಒಬ್ಬನೇ ಹೇಳಿದ ಹಾಗೆ ಮಾಡಿ ಬಕೆಟ್ಟಿಗೆ ಉಗಿದ. ಬಿಟ್ಟಿ ಕ್ವಾರ್ಟರಿಗೆ ಕಾದು ನಿಂತಿದ್ದ ರಾಮಣ್ಣ ಅದನ್ನು ಕಂಡ. ಕತ್ತಲಾಗುವುದರೊಳಗೆ ಊರಲ್ಲಿ ಬೈಲಪ್ಪ ಉಗುಳಪ್ಪನಾದ. ಕುಡಿದು ಚರಂಡಿಗೆ ಬಿದ್ದಿದ್ದರೆ ಊರು ಎತ್ತಿ ತಂದು ಮಲಗಿಸುತ್ತಿತ್ತು. ಬಾಯಿಗೆ ಬಂದ ಹೆಂಡವನ್ನು ಉಗಿದವನಿಗೆ ಕ್ಷಮೆ ಇರಲಿಲ್ಲ.

ಆ ವೈನು ಅಂಗಡಿಯಲ್ಲಿ ಖರ್ಚಾಗಲಿಲ್ಲ. ಯಜಮಾನ ಕಮ್ಮಿ ರೇಟಿಗೆ ಬಿಟ್ಟಾಗ ಬೈಲಪ್ಪ ಒಂದು ಡಬ್ಬ ಬಾಟಲಿ ಹೊತ್ತು ತಂದ.

"ಶಿರಾಜ್ ಅಂತ ಇದರ ಹೆಸರು. ಈ ದುಡ್ಡಿಗೆ ಇಂಥ ಮಾಲು ಸಿಗಲ್ಲ ಕಣೆ," ಎಂದ.

"ಸಿರಾಜಾ? ಶಿವಾಜಿನಗರದಾಗೆ ಮಿಕ್ಸಿ ರಿಪೇರಿ ಮಾಡೋನ ಹೆಸ್ರು ಅದು," ಎಂದಳು ಆಂಜನಮ್ಮ. "ಅನ್ನದ ಗುಂಡಿಯಾಗೆ ಹೆಂಡ ಇಡ್ತೀಯಾ? ನಿಮ್ಮಪ್ಪ ಇದ್ದಿದ್ರೆ ನಿನ್ನೇ ಹೂಳೋನು."

"ಈಗ್ಲೇ ಕುಡಿಯೋಕಲ್ಲ. ಇನ್ನೂ ಎಳೇದು, ಒಗರು. ಒಗರು ಇರೋದ್ನೇ ಇಡ್ಬೇಕು. ಎಳೇದ್ರಲ್ಲೇ ಸಿಹಿ ಇರೋದು ಬೇಗ ಕೆಡ್ತದೆ. ತಣ್ಣಗಿರೋ ಕತ್ಲಲ್ಲಿ ಅಲುಗಾಡದಂಗೆ ಮಲಗಿಸಿದ್ರೆ ಇದರ ಒಗರು ತಾನಾಗೇ ಇಳೀತದೆ."

"ನನ್ನ ಇಟ್ಕೊಂಡು ಇಪ್ಪತ್ತೈದು ವರ್ಷ ಆಯ್ತು. ಇಳೀತಾ?"

ಬೈಲಪ್ಪ ಅದನ್ನೂ ತಮಾಷೆ ಎಂದುಕೊಳ್ಳದೆ ಅವಳನ್ನು ಸ್ವಲ್ಪ ಹೊತ್ತು ನೋಡಿದ. "ಇನ್ನೂ ಟೈಮ್ ಅದೆ," ಎಂದ.

ಅಲ್ಲಿಂದ ವರ್ಷಕ್ಕೊಂದು ಡಬ್ಬ ಬಂತು. ಪ್ರತಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ಮಟನ್ ಸಾರು ಕುದಿಯುವಾಗ, ಅವನು ಹಗೇವಿಗಿಳಿದು ಹಳೆಯದೊಂದು ಬಾಟಲಿ ತಂದು ಎರಡು ಸ್ಟೀಲ್ ಲೋಟಕ್ಕೆ ಬಗ್ಗಿಸುತ್ತಿದ್ದ. ಆಡಿಸಿ, ಮೂಸಿ, ಒಂದು ಗುಟುಕು ಸವಿದು ಕಣ್ಣು ಮುಚ್ಚಿ, ಮೊದಲು ನೇರಳೆಹಣ್ಣು, ಆಮೇಲೆ ಮೆಣಸು, ಕೊನೆಗೆ ಹೊಸ ಚಪ್ಪಲಿಯ ತೊಗಲು ಎನ್ನುತ್ತಿದ್ದ. ಆಂಜನಮ್ಮ ತನ್ನ ಲೋಟವನ್ನು ಒಯ್ದು, ಅವನಿಗೆ ಕಾಣುವ ಹಾಗೆಯೇ, ಹಿತ್ತಿಲ ಕರಿಬೇವಿನ ಬುಡಕ್ಕೆ ಸುರಿದು ಬರುತ್ತಿದ್ದಳು. ಚಪ್ಪಲಿ ನೆಕ್ಕುವವನು ನೀನೊಬ್ಬನೇ ಸಾಕು ಎನ್ನುತ್ತಿದ್ದಳು.

"ಹೋಗ್ಲಿ, ಗಿಡಕ್ಕಾದ್ರೂ ರುಚಿ ಹತ್ಲಿ," ಎಂದು ಅವನು ಉಣ್ಣಲು ಕೂರುತ್ತಿದ್ದ.

* * *

ಹಗೇವಿಗೆ ಇಳಿದವನು ಹಿಂದಿನ ರೂಮಿನ ಬಾಡಿಗೆಯವನು, ಕಲಬುರಗಿ ಕಡೆಯ ಭೀಮಾಶಂಕರ. ಮೇಲಿನ ರಾಗಿಹುಲ್ಲು ಸರಿಸಿ ಬಾಟಲಿ ಒಂದೊಂದಾಗಿ ಎತ್ತಿಕೊಟ್ಟ. ಪ್ರತಿಯೊಂದರ ಕತ್ತಿಗೂ ಹಳೆಯ ಲಗ್ನಪತ್ರಿಕೆಯ ಚೂರನ್ನು ದಾರದಲ್ಲಿ ಕಟ್ಟಿತ್ತು. ರಾಮಣ್ಣ ಓದಲಿಲ್ಲ, ಕಿತ್ತು ಎಸೆದ.

"ಅಮ್ಮಾರ, ಹುಲ್ಲಿನ ಕೆಳಗ ಇನ್ನೂ ಅದಾವ್ರಿ," ಎಂದ ಭೀಮಾಶಂಕರ ತಲೆ ಎತ್ತಿ.

ರಾಮಣ್ಣನ ಕಿವಿ ನೆಟ್ಟಗಾಯಿತು. ಆಂಜನಮ್ಮ ಕುಳಿತಲ್ಲಿಂದಲೇ ಮೂಗು ಮುರಿದಳು. "ಕೆಳಗಿಂದೆಲ್ಲ ಎಂಟು ವರ್ಷದ್ದು. ಹುಳಿ ಬಂದು ಹುಳ ಬಿದ್ದಿರ್ತದೆ. ಬೇಕಾದ್ರೆ ತಗೊಳಪ್ಪ."

"ಬ್ಯಾಡ ಬ್ಯಾಡ. ಹೆಂಡ ಅಂದ್ರೆ ಹೊಸದಿರ್ಬೇಕು," ಎಂದ ರಾಮಣ್ಣ, ಈಚಲ ಹೆಂಡದ ಕಾಲದಿಂದ ಕುಡಿಯುತ್ತ ಬಂದವನ ಗತ್ತಿನಲ್ಲಿ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ. ಎಂಟು ಹೊಸತೊಡಕಿನಲ್ಲೂ ಕಿವಿ ಮುಚ್ಚಿಕೊಂಡಿದ್ದೇನೆ ಎಂದುಕೊಂಡಿದ್ದ ಆಂಜನಮ್ಮನಿಗೆ, ಗಂಡ ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತ್ತು ಎಂದು ಆಗ ಗೊತ್ತಾಯಿತು. ಮೇಲಿನದೆಲ್ಲ ಈ ವರ್ಷದ್ದು. ಬರೀ ಒಗರು.

ಬಿರಡೆ ತೆಗೆಯಲು ಬರದೆ ಸ್ಕ್ರೂಡ್ರೈವರಿನಲ್ಲಿ ಒಳಕ್ಕೆ ನೂಕಿದರು. ಪ್ಲಾಸ್ಟಿಕ್ ಲೋಟಗಳು ತುಂಬಿದವು. ರಾಮಣ್ಣ ಒಂದೇ ಗುಟುಕಿಗೆ ಎತ್ತಿದವನು ಮುಖ ಕಿವುಚಿ ಥೂ ಎಂದು ಮೋರಿಗೆ ಉಗಿದ.

"ಇದೇನ್ ಗುರು, ಸೀಬೆಕಾಯಿ ಅಗಿದಂಗೆ ನಾಲಿಗೆ ಹಿಡ್ಕೊಂಡ್ಬಿಡ್ತು," ಎಂದ ಪಕ್ಕದವನು. ಅವನೂ ಉಗಿದ. ಗುಂಡಿ ತೋಡುವವರೂ ಉಗಿದರು. ಯಾರೋ ಕೋಲಾ ಬೆರೆಸಿದರು, ಆಮೇಲೆ ಅದನ್ನೂ ಉಗಿದರು.

ಆಂಜನಮ್ಮ ಎಣಿಸಲು ಹೋಗಲಿಲ್ಲ. ಒಬ್ಬ ಉಗುಳಪ್ಪ ಮಲಗಿದ್ದ, ಅಂಗಳದ ತುಂಬ ಉಗುಳಪ್ಪಂದಿರು ನಿಂತಿದ್ದರು. ಮಲಗಿದವನು ಉಗಿಯುವ ಮುಂಚೆ ರುಚಿಯಾದರೂ ನೋಡುತ್ತಿದ್ದ.

ಚಟ್ಟ ಎತ್ತಿ ಹೊರಡುವಾಗ ರಾಮಣ್ಣ ಅಣ್ಣನ ಬಾಯಿಗೆ ಬಿಡಲೆಂದು ಬ್ರಾಂದಿಯ ಕ್ವಾರ್ಟರ್ ಜೇಬಿಗಿಳಿಸಿಕೊಂಡ. ಇಪ್ಪತ್ತು ವರ್ಷ ಮಾರಿದರೂ ಮುಟ್ಟದಿದ್ದುದನ್ನು ಬೈಲಪ್ಪ ಈಗ ಬಾಯಿ ಮುಚ್ಚಿಕೊಂಡು ಕುಡಿಯಬೇಕು. ತಮಟೆ ಬೀದಿ ತಿರುಗಿತು. ಆಂಜನಮ್ಮನಿಗೆ ಅಳು ಬಂತು. ಅಳುವಿಗಿಂತ ಜೋರಾಗಿ ಸಿಟ್ಟು ಬಂತು.

ಮಗಳು ಹಂಸ, ಹೆಣ ಮಲಗಿಸಿದ್ದ ಜಾಗ ತೊಳೆದು ದೀಪ ಹಚ್ಚುತ್ತಿದ್ದಳು. ಆಂಜನಮ್ಮ ಸೀರೆ ಎತ್ತಿ ಕಟ್ಟಿ, ಗಂಡಸರು ಬಿಟ್ಟು ಹೋಗಿದ್ದ ಏಣಿಗೆ ಕಾಲಿಟ್ಟಳು.

"ಅಮ್ಮಾ, ನಿಂಗೇನ್ ತಲೆ ಕೆಟ್ಟಿದ್ಯಾ?"

"ಮದುವೆಯಾಗಿ ಬಂದ ವರ್ಷ ಇದರಾಗೆ ಇಳಿದು ರಾಗಿ ಮೊಗೆದೋಳು ನಾನು. ಟಾರ್ಚ್ ಹಿಡಿ."

ಒಂದಾಳು ಆಳದಲ್ಲಿ ತಂಪು ಹಾಗೇ ಇತ್ತು. ಕೆಳಗಿನ ಹುಲ್ಲು ಸರಿಸಿದಾಗ ಸಾಲು ಸಾಲು ಬಾಟಲಿಗಳು ಧೂಳು ಹೊದ್ದು ಮಲಗಿದ್ದವು. ಮೂಲೆಯಲ್ಲಿದ್ದುದರ ಚೀಟಿಯನ್ನು ಬೆಳಕಿಗೆ ಹಿಡಿದಳು. ಅಂಗಡಿಯ ಬಿಲ್ ಬರೆಯುತ್ತಿದ್ದ ಅದೇ ದುಂಡು ಅಕ್ಷರ. '೧೯೯೯. ಆಂಜನಮ್ಮನ ಪಾಲು. ಕರಿಬೇವಿಗೆ ಹಾಕಕೂಡದು.'

"ಮುಂಡೇದು," ಎಂದಳು. ಬಾಟಲಿಯನ್ನು ಕಂಕುಳಿಗೆ ಒತ್ತಿಕೊಂಡು ಏಣಿ ಹತ್ತಿದಳು.

ಬಿರಡೆ ತೆಗೆಯುವ ತಿರುಪು ಮೆಣಸಿನ ಡಬ್ಬಿಯ ಹಿಂದೆ ಇರುತ್ತದೆ ಎಂದು ಊರಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಹಿತ್ತಿಲಲ್ಲಿ ಕರಿಬೇವಿನ ಪಕ್ಕ ನಿಂತು, ಅದೇ ಸ್ಟೀಲ್ ಲೋಟಕ್ಕೆ ಬಗ್ಗಿಸಿದಳು. ಗಿಡದ ಕಡೆ ನೋಡಲಿಲ್ಲ. ಅವನು ಮಾಡುತ್ತಿದ್ದ ಹಾಗೆ ಆಡಿಸಿ, ಮೂಸಿ, ಬಾಯಿ ತುಂಬ ಹಿಡಿದಳು. ನೇರಳೆಹಣ್ಣು ಬಂತು. ಹಿಂದೆಯೇ ಮೆಣಸು ಬಂತು. ಒಗರು ಇನ್ನೂ ಸ್ವಲ್ಪ ಇತ್ತು, ಆದರೆ ಕಚ್ಚುತ್ತಿರಲಿಲ್ಲ. ಹೊಸ ಚಪ್ಪಲಿಗೆ ಕಾಯುತ್ತ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಮಣ್ಣು ಮಾಡಿದವರು ಕೈಕಾಲು ತೊಳೆದು ದೀಪ ನೋಡಲು ಒಳಗೆ ಬಂದರು. ರಾಮಣ್ಣ ಹಿತ್ತಿಲ ಬಾಗಿಲಿಗೆ ಬಂದ.

"ಅತ್ಗೆ, ಅಣ್ಣನ ಬಾಯಿಗೆ ನಾನೇ ಬಿಟ್ಟೆ. ಸಮಾಧಾನದಾಗೆ ಹೋದ. ಏನಾರ ಮಾತಾಡು ಅತ್ಗೆ."

ಆಂಜನಮ್ಮ ತಿರುಗಿದಳು. ಕೆನ್ನೆ ಎರಡೂ ಉಬ್ಬಿದ್ದವು.

"ಪಾಪ, ಬಾಯೇ ಕಟ್ಟೋಗದೆ," ಎಂದು ರಾಮಣ್ಣ ಒಳಗಿನವರಿಗೆ ಹೇಳಿದ.

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಉಗಿಯಲೂ ಇಲ್ಲ, ನುಂಗಲೂ ಇಲ್ಲ.